ಹಳೆಯ ರೈಲುಗಳ ಸಂಗ್ರಹಾಲಯದಲ್ಲಿ ಒಂದು ಶಾಲಾ ದಿನ

ಎಂಟನೆಯ ತರಗತಿಯ ನಲವತ್ತೆರಡು ವಿದ್ಯಾರ್ಥಿಗಳು ಮತ್ತು ನಾಲ್ವರು ಶಿಕ್ಷಕರು ಸೇರಿ ಈಚೆಗೆ ಒಂದು ಪಾರಂಪರಿಕ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಿಬಂದೆವು. ಶಾಲಾ ತಂಡಗಳಿಗೆಂದೇ ಆ ಸಂಸ್ಥೆ ನಡೆಸುವ ಒಂದು ದಿನದ ಕಾರ್ಯಕ್ರಮವನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಒತ್ತಡ, ಘರ್ಷಣೆ, ಉಷ್ಣ ಎಂಬ ಪಾಠಗಳನ್ನು ಕಪ್ಪುಹಲಗೆಯ ಮೇಲೆ ಕಲಿಯುವ ಮಕ್ಕಳಿಗೆ ತರಗತಿಯಲ್ಲಿ ದಕ್ಕದ್ದೇನಾದರೂ ಅಲ್ಲಿ ದಕ್ಕೀತೇ ಎಂಬುದು ಭೌತವಿಜ್ಞಾನದ ಶಿಕ್ಷಕಿಯಾದ ನನ್ನ ಪ್ರಶ್ನೆಯಾಗಿತ್ತು. ಮಕ್ಕಳ ಕೈಗೆ ಕೆಲಸ ಕೊಟ್ಟ ಕಡೆಯಲ್ಲೆಲ್ಲ ಅದು ಧಾರಾಳವಾಗಿ ದಕ್ಕಿತು. ಕೈಗೆ ಬರೀ ಹಾಳೆ ಕೊಟ್ಟ ಕಡೆ ಏನೂ ದಕ್ಕಲಿಲ್ಲ.

ದಿನದ ಅತ್ಯುತ್ತಮ ಭಾಗ ಮೊದಲ ಒಂದು ಗಂಟೆಯಲ್ಲಿಯೇ ಬಂದಿತು. ಒಳಭಾಗ ಕಾಣುವಂತೆ ಒಂದು ಪಕ್ಕವನ್ನು ಉದ್ದಕ್ಕೂ ಕತ್ತರಿಸಿ ನಿಲ್ಲಿಸಿರುವ ಉಗಿ ಎಂಜಿನ್ನಿನ ಮುಂದೆ, ಹಿಂದೊಮ್ಮೆ ಫೈರ್‌ಮನ್ ಆಗಿ, ಅಂದರೆ ಎಂಜಿನ್ನಿನ ಬೆಂಕಿ ನೋಡಿಕೊಳ್ಳುವವರಾಗಿ, ದುಡಿದಿದ್ದ ಹಿರಿಯರೊಬ್ಬರು ವಿವರಣೆಗೆ ತೊಡಗುವ ಬದಲು ಮಕ್ಕಳನ್ನೇ ಕೇಳಿದರು: "ಬೆಂಕಿ ಇಲ್ಲಿದೆ, ಹೊಗೆಗೂಡು ಆ ತುದಿಯಲ್ಲಿದೆ. ನಡುವೆ ತುಂಬಿರುವುದು ನೀರು. ಹಾಗಾದರೆ ಬಿಸಿಗಾಳಿ ಹೋಗುವ ದಾರಿ ಯಾವುದು, ಬೆರಳಿಟ್ಟು ತೋರಿಸಿ ನೋಡೋಣ." ಬಾಯ್ಲರಿನ ಉದ್ದಕ್ಕೂ ಸಾಗುವ ಕೊಳವೆಗಳನ್ನು ಮಕ್ಕಳು ತಾವೇ ಹುಡುಕಿಕೊಂಡರು. ಒಂದೇ ದಪ್ಪ ಕೊಳವೆಯ ಬದಲು ಇಷ್ಟೊಂದು ಸಣ್ಣ ಕೊಳವೆಗಳು ಏಕೆ ಎಂಬ ಮಾತು ಬಂದಾಗ, ಇಂಗ್ಲೆಂಡಿನಲ್ಲಿ ನಡೆದ 1829ರ ರೇನ್‌ಹಿಲ್ ರೈಲು ಎಂಜಿನ್ ಸ್ಪರ್ಧೆಯಲ್ಲಿ ಗೆದ್ದ ಸ್ಟೀಫನ್‌ಸನ್ನರ 'ರಾಕೆಟ್' ಎಂಜಿನ್ನಿನಲ್ಲಿ 25 ತಾಮ್ರದ ಕೊಳವೆಗಳಿದ್ದ ಸಂಗತಿಯನ್ನು ಅವರು ಹೇಳಿದರು. ಮೇಲ್ಮೈ ಹೆಚ್ಚಿದಷ್ಟೂ ನೀರಿಗೆ ಶಾಖ ಬೇಗ ಇಳಿಯುತ್ತದೆ ಎಂಬುದನ್ನು ಆಮೇಲೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನೀರು ಉಗಿಯಾದಾಗ ಸಾಮಾನ್ಯ ವಾಯುಭಾರದಲ್ಲಿ ಅದರ ಗಾತ್ರ ಸುಮಾರು 1,600 ಪಟ್ಟು ಹಿಗ್ಗುತ್ತದೆ ಎಂಬ ಅಂಕಿಯನ್ನು ನಾನು ಪ್ರತಿ ವರ್ಷ ಹೇಳುತ್ತೇನೆ. ಆ ಹಿಗ್ಗುವಿಕೆಯನ್ನು ತಡೆದು ಹಿಡಿಯುವ ಉಕ್ಕಿನ ದಪ್ಪವನ್ನು ಕತ್ತರಿಸಿದ ಅಂಚಿನಲ್ಲಿ ಮುಟ್ಟಿ ನೋಡಿದ ಮೇಲೆ ಮಕ್ಕಳು ಆ ಅಂಕಿಯನ್ನು ಮರೆಯಲಾರರು ಎಂದು ನಂಬಿದ್ದೇನೆ.

ಬೆಂಕಿಗೂಡಿನ ಮೇಲ್ಛಾವಣಿಯಲ್ಲಿರುವ ಸೀಸದ ಬಿರಡೆಯನ್ನು ಅವರು ಕೊನೆಗೆ ತೋರಿಸಿದರು. ಬಾಯ್ಲರಿನಲ್ಲಿ ನೀರು ಅಪಾಯದ ಮಟ್ಟಕ್ಕಿಂತ ಕೆಳಗಿಳಿದರೆ ಆ ಬಿರಡೆಯ ಸೀಸ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಕೆ ಕೊಡುತ್ತದೆ. "ಹಾಗಾದರೆ ಎಂಜಿನ್ ಕೆಟ್ಟುಹೋಗುವುದಿಲ್ಲವೇ, ತಾತ?" ಎಂದು ಒಬ್ಬ ಹುಡುಗಿ ಕೇಳಿದಳು. "ಎಂಜಿನ್ ನಿಲ್ಲುತ್ತದೆ ಮಗಳೇ, ಜನ ಉಳಿಯುತ್ತಾರೆ" ಎಂದರು.

ಬ್ರೇಕಿನ ಪಾಠವೂ ಇದೇ ದಾರಿಯಲ್ಲಿ ಸಾಗಿತು. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೂಪಿಸಿದ ಮೊದಲ ಗಾಳಿ ಬ್ರೇಕಿನಲ್ಲಿ ಗಾಳಿ ತುಂಬಿದರೆ ಬ್ರೇಕ್ ಬೀಳುತ್ತಿತ್ತು, ಆದ್ದರಿಂದ ಕೊಳವೆ ಒಡೆದರೆ ಬ್ರೇಕೇ ಇಲ್ಲವಾಗುತ್ತಿತ್ತು. 1872ರ ಸುಧಾರಿತ ವ್ಯವಸ್ಥೆಯಲ್ಲಿ ಇದು ತಲೆಕೆಳಗಾಯಿತು: ಕೊಳವೆಯಲ್ಲಿ ಒತ್ತಡ ಇಳಿದರೆ ಬ್ರೇಕ್ ತಾನಾಗಿ ಬೀಳುತ್ತದೆ, ಬೋಗಿ ಕಳಚಿಕೊಂಡರೂ ಅದು ನಿಲ್ಲುತ್ತದೆ. ನಿಂತಿದ್ದ ಬೋಗಿಯೊಂದರಲ್ಲಿ ಮಕ್ಕಳು ಸರದಿಯಂತೆ ಕವಾಟ ತಿರುಗಿಸಿದರು; ಮಾಪಕದ ಮುಳ್ಳು ಇಳಿಯಿತು, ಗಾಳಿ ಬುಸುಗುಟ್ಟಿತು, ಕೆಳಗೆ ಬ್ರೇಕ್ ಬ್ಲಾಕುಗಳು ಗಾಲಿಯನ್ನು ಕಚ್ಚಿಕೊಂಡವು. ನನ್ನ ಮೂವತ್ತು ನಿಮಿಷದ ಪಾಠಕ್ಕಿಂತ ಆ ಎರಡು ನಿಮಿಷ ಮೇಲಾಗಿತ್ತು.

ಗಾಲಿಯ ಪ್ರಯೋಗಕ್ಕೆ ಅವರು ಬಳಸಿದ್ದು ಎರಡು ಕಾಗದದ ಲೋಟಗಳನ್ನು. ಬಾಯಿಗೆ ಬಾಯಿ ಅಂಟಿಸಿದ ಲೋಟಗಳು ಎರಡು ಕೋಲುಗಳ ಮೇಲೆ ಉರುಳುತ್ತಾ ತಾವಾಗಿ ನಡುವಿಗೆ ಬರುತ್ತವೆ, ತಳಕ್ಕೆ ತಳ ಅಂಟಿಸಿದರೆ ಪಕ್ಕಕ್ಕೆ ಜಾರಿ ಬೀಳುತ್ತವೆ. ರೈಲು ಗಾಲಿಯ ಮೇಲ್ಮೈ ಓರೆಯಾಗಿರುವುದರ ಗುಟ್ಟು ಇದು. ಈ ಪ್ರಯೋಗವನ್ನು ಯಾವ ಶಾಲೆಯಲ್ಲಾದರೂ ಮಾಡಬಹುದು.

ಸಮಾಜವಿಜ್ಞಾನದ ಸಹೋದ್ಯೋಗಿಗೆ ಗಡಿಯಾರಗಳ ಕೋಣೆ ಹಿಡಿಸಿತು. ಊರಿಗೊಂದು ಸೂರ್ಯಸಮಯವಿದ್ದ ಕಾಲದಲ್ಲಿ ರೈಲಿನ ವೇಳಾಪಟ್ಟಿ ಮಾಡುವುದು ಎಷ್ಟು ಕಷ್ಟವಾಗಿತ್ತು, 1883ರ ನವೆಂಬರ್ 18ರಂದು ಉತ್ತರ ಅಮೆರಿಕದ ರೈಲು ಸಂಸ್ಥೆಗಳು ಏಕರೂಪದ ಸಮಯವಲಯಗಳನ್ನು ಏಕೆ ಜಾರಿಗೆ ತಂದವು ಎಂಬುದು ಅಲ್ಲಿನ ವಿಷಯ. ಪಕ್ಕದಲ್ಲಿ ಹಳೆಯ ಕೊಂಡಿ ಮತ್ತು ಗೂಟದ ಜೋಡಣೆಯನ್ನಿಟ್ಟಿದ್ದಾರೆ. ಎರಡು ಬೋಗಿಗಳ ನಡುವೆ ನಿಂತು ಗೂಟ ಇಳಿಸುತ್ತಿದ್ದ ಕಾರ್ಮಿಕರು ಬೆರಳುಗಳನ್ನೂ ಕೆಲವೊಮ್ಮೆ ಪ್ರಾಣವನ್ನೂ ಕಳೆದುಕೊಳ್ಳುತ್ತಿದ್ದರು. ಈಲೈ ಜಾನಿ 1873ರಲ್ಲಿ ಪೇಟೆಂಟ್ ಪಡೆದ ಸ್ವಯಂಚಾಲಿತ ಜೋಡಣೆ ಆಗಲೇ ಇದ್ದರೂ, ಅಂಥದ್ದನ್ನು ಕಡ್ಡಾಯಗೊಳಿಸುವ ಕಾನೂನು ಅಮೆರಿಕದಲ್ಲಿ ಬಂದದ್ದು 1893ರಲ್ಲಿ. ಆ ಇಪ್ಪತ್ತು ವರ್ಷಗಳ ವಿಳಂಬವನ್ನು ಕುರಿತು ಇಡೀ ಒಂದು ಪಾಠ ಮಾಡಬಹುದಾಗಿತ್ತು. ಅದಕ್ಕೆ ನಮಗೆ ಕೊಟ್ಟದ್ದು ಹತ್ತು ನಿಮಿಷ.

ಇನ್ನು ಕೊರತೆಗಳು. ಮಧ್ಯಾಹ್ನ ಹಂಚಿದ ಪ್ರಶ್ನೆಹಾಳೆ ನನಗೆ ಬಹಳ ಬೇಸರ ತಂದಿತು. ಎಂಜಿನ್ನಿನ ತೂಕ, ತಯಾರಾದ ವರ್ಷ, ಗಾಲಿಗಳ ಸಂಖ್ಯೆ ಎಂದು ಫಲಕ ನೋಡಿ ನಕಲು ಮಾಡುವ ಪ್ರಶ್ನೆಗಳೇ ಅದರ ತುಂಬ ಇದ್ದವು. ಬೆಳಿಗ್ಗೆ ಎಂಜಿನ್ನಿನ ಒಳಗನ್ನು ಬೆರಳಿನಿಂದ ಓದಿದ್ದ ಮಕ್ಕಳು ಆಗ ತಲೆಯೆತ್ತಿ ಎಂಜಿನ್ನನ್ನು ನೋಡಲೇ ಇಲ್ಲ. ಇಪ್ಪತ್ತೊಂದು ಮಕ್ಕಳಿಗೆ ಒಬ್ಬರೇ ಮಾರ್ಗದರ್ಶಕರು ಎಂಬ ಲೆಕ್ಕವೂ ಸರಿಯಲ್ಲ. ಹಿಂದೆ ನಿಂತವರಿಗೆ ಅರ್ಧ ಮಾತು ಕೇಳಿಸಲಿಲ್ಲ. ಎಲ್ಲಕ್ಕಿಂತ ಗಂಭೀರವಾದುದು ಮತ್ತೊಂದು. ಗಾಲಿಕುರ್ಚಿ ಬಳಸುವ ನಮ್ಮ ವಿದ್ಯಾರ್ಥಿಯ ವಿಷಯವನ್ನು ನಾವು ಮುಂಗಡವಾಗಿಯೇ ತಿಳಿಸಿದ್ದರೂ, ಚಾಲಕರ ಕಟ್ಟೆಗೆ ಕಡಿದಾದ ಕಬ್ಬಿಣದ ಮೆಟ್ಟಿಲೊಂದೇ ದಾರಿ ಎಂಬುದನ್ನು ಯಾರೂ ಹೇಳಿರಲಿಲ್ಲ. ಅವನ ಗೆಳೆಯರು ಮೇಲೆ ಹತ್ತಿ ಸೀಟಿಯ ಹಗ್ಗ ಎಳೆಯುತ್ತಿದ್ದಾಗ ಅವನು ಕೆಳಗೆ ಕಾದಿದ್ದ. ಹಳೆಯ ಎಂಜಿನ್ನಿನ ರಚನೆಯನ್ನು ಬದಲಿಸಲಾಗದು ಎಂಬುದನ್ನು ಒಪ್ಪುತ್ತೇನೆ. ಹಿಡಿಕೆಗಳನ್ನೂ ಮಾಪಕಗಳನ್ನೂ ನೆಲಮಟ್ಟದಲ್ಲಿ ಜೋಡಿಸಿದ ಒಂದು ಮಾದರಿಯನ್ನಾದರೂ ಇಡಬಹುದಲ್ಲವೇ? ಈ ಮಾತನ್ನು ಲಿಖಿತವಾಗಿ ಅವರಿಗೆ ಕಳುಹಿಸಿದ್ದೇನೆ.

ಹೋಗಬಯಸುವ ಶಿಕ್ಷಕರು ಪ್ರಶ್ನೆಹಾಳೆಯನ್ನು ತಾವೇ ತಯಾರಿಸಿಕೊಳ್ಳುವುದು ಒಳಿತು, ನಮ್ಮ ಮುಂದಿನ ತಂಡಕ್ಕೆ "ಇದು ಕೆಟ್ಟರೆ ಏನಾಗುತ್ತದೆ?" ಎಂಬ ಒಂದೇ ಪ್ರಶ್ನೆಯನ್ನು ಐದು ಭಾಗಗಳ ಮುಂದೆ ಕೇಳಲಿದ್ದೇವೆ. ಹದಿನೈದಕ್ಕಿಂತ ಹೆಚ್ಚು ಮಕ್ಕಳಿಲ್ಲದ ಗುಂಪುಗಳನ್ನು ಮಾಡಿಕೊಡುವಂತೆ ಮೊದಲೇ ಕೇಳಿ. ಎಂಜಿನ್ ಓಡಿಸುವ ದಿನವನ್ನೇ ಆರಿಸಿಕೊಳ್ಳುವುದಾದರೆ, ಸವಾರಿಗಿಂತ ಬೆಂಕಿ ಹೊತ್ತಿಸುವ ಹೊತ್ತಿಗೆ ಅಲ್ಲಿರಲು ಅನುಮತಿ ಪಡೆಯಿರಿ. ತಣ್ಣಗಿರುವ ದೊಡ್ಡ ಎಂಜಿನ್ ಉಗಿ ಕಟ್ಟಲು ಹಲವು ಗಂಟೆ ಬೇಕು. ನಾವು ತಲುಪುವಷ್ಟರಲ್ಲಿ ಮಾಪಕದ ಮುಳ್ಳು ಅರ್ಧ ದಾರಿ ಏರಿಬಿಟ್ಟಿತ್ತು, ಅದು ಸೊನ್ನೆಯಿಂದ ಮೊದಲ ಬಾರಿಗೆ ಕದಲುವುದನ್ನು ನಮ್ಮ ಮಕ್ಕಳು ನೋಡಲಾಗಲಿಲ್ಲ.