ಡೇರಿಯ ಕೊಳೆ ನೀರಿಗೆ ಯಾವ ಮೀಟರ್? ಮೂರನ್ನೂ ಬಳಸಿ ನೋಡಿದ ಮೇಲೆ

ನನಗೆ ಯಾವುದು ಇಷ್ಟ ಅಂತ ಮೊದಲೇ ಹೇಳಿಬಿಡುತ್ತೇನೆ. ಪ್ರತಿ ವಿಭಾಗದ ಚರಂಡಿಯಲ್ಲೂ ನೀರಿನ ಮಬ್ಬು ಅಳೆಯುವ ಒಂದು ಟರ್ಬಿಡಿಟಿ ಸೆನ್ಸರ್, ಪಕ್ಕದಲ್ಲೇ ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆ ಅಂತ ಅಳೆಯುವ ಒಂದು ಕಂಡಕ್ಟಿವಿಟಿ ಸೆನ್ಸರ್. ಜೊತೆಗೆ ಲ್ಯಾಬಿನಲ್ಲಿ ದಿನಕ್ಕೊಂದು ಸಿಒಡಿ ಟ್ಯೂಬ್ (ಸಿಒಡಿ ಅಂದರೆ ನೀರಿನ ಕೊಳೆಯನ್ನು ರಾಸಾಯನಿಕವಾಗಿ ಉರಿಸಲು ಬೇಕಾಗುವ ಆಮ್ಲಜನಕ; ಕೊಳೆ ಎಷ್ಟಿದೆ ಅನ್ನುವುದರ ಅಳತೆ). ಈ ಸಾದಾ ಏರ್ಪಾಟಿಗೆ ಬರುವ ಮೊದಲು ಅತಿನೇರಳೆ ಬೆಳಕಿನಿಂದ ಕೊಳೆ ಅಳೆಯುವ ಯುವಿ ಪ್ರೋಬ್ ಒಂದನ್ನು ಕೊಂಡು ಕೈ ಸುಟ್ಟುಕೊಂಡೆ. ಟಿಒಸಿ (ಒಟ್ಟು ಸಾವಯವ ಇಂಗಾಲ) ಅನಲೈಸರನ್ನು ಎರಡು ತಿಂಗಳು ಟ್ರಯಲ್‌ಗೆ ತರಿಸಿ ವಾಪಸ್ ಕಳಿಸಿದೆ.

ಇಟಿಪಿ, ಅಂದರೆ ಡೇರಿಯ ಕೊಳೆ ನೀರು ಶುದ್ಧ ಮಾಡುವ ಘಟಕ, ನೋಡಿಕೊಳ್ಳುವುದು ನನ್ನ ಕೆಲಸ. ಪ್ಲಾಂಟಿನಲ್ಲಿ ಹಾಲಿನ ಪ್ಯಾಕಿಂಗ್ ಇದೆ, ಚೀಸ್ ಇದೆ, ಹಾಲೊಡಕಿನಿಂದ ಪ್ರೋಟೀನ್ ಬೇರ್ಪಡಿಸುವ ಮೆಂಬ್ರೇನ್ ಘಟಕವೂ ಇದೆ. ಗಟ್ಟಿ ಹಾಲಿನ ಬಿಒಡಿ (ಕೊಳೆಯನ್ನು ತಿಂದು ಮುಗಿಸಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ) ಲೀಟರಿಗೆ ಸುಮಾರು 1,00,000 ಮಿಲಿಗ್ರಾಂ. ಅಂದರೆ ಒಂದು ಲೀಟರ್ ಹಾಲು ಚರಂಡಿಗೆ ಹೋದರೆ 100 ಗ್ರಾಂ ಬಿಒಡಿ ಹೋದ ಹಾಗೆ. ಒಬ್ಬ ಮನುಷ್ಯನಿಂದ ದಿನಕ್ಕೆ ಬರುವ ಕೊಳೆ ನೀರಿನಲ್ಲಿ ಇರುವುದು ಸುಮಾರು 60 ಗ್ರಾಂ ಮಾತ್ರ. ಹಾಗಾಗಿ ಡೇರಿಯಲ್ಲಿ ಸಣ್ಣ ಸೋರಿಕೆ ಅಂತ ಯಾವುದೂ ಇಲ್ಲ. ಬಿಒಡಿ ಪರೀಕ್ಷೆಯನ್ನೇ ನಂಬಿ ಕೂರಲೂ ಆಗುವುದಿಲ್ಲ, ಫಲಿತಾಂಶಕ್ಕೆ ಐದು ದಿನ ಬೇಕು.

ಯುವಿ ಪ್ರೋಬಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದು 254 ನ್ಯಾನೋಮೀಟರ್ ಬೆಳಕನ್ನು ನೀರಿನೊಳಗೆ ಬಿಟ್ಟು, ಎಷ್ಟು ಹೀರಿಕೊಂಡಿತು ಅಂತ ನೋಡುತ್ತದೆ. ರಾಸಾಯನಿಕ ಬೇಡ, ಕಾಯುವುದು ಬೇಡ, ಸಿಒಡಿ ಸಂಖ್ಯೆ ತಕ್ಷಣ ಪರದೆ ಮೇಲೆ ಬರುತ್ತದೆ. ಕೊಂಡಾಗ ಮೂವತ್ತು ಸ್ಯಾಂಪಲ್ ತೆಗೆದು ಲ್ಯಾಬಿನ ಸಿಒಡಿಗೆ ಹೋಲಿಸಿ ಹೊಂದಿಸಿದೆವು. ಎರಡೂ ಚೆನ್ನಾಗಿ ತಾಳೆಯಾದವು. ಇಟಿಪಿಯ ಒಳಹರಿವಿನಲ್ಲಿ ಕೂರಿಸಿ ನಿಶ್ಚಿಂತೆಯಾಗಿದ್ದೆ.

ಒಂದು ರಾತ್ರಿ, ಗಾಳಿ ಊದಿ ಬ್ಯಾಕ್ಟೀರಿಯಾಗಳಿಂದ ಕೊಳೆ ತಿನ್ನಿಸುವ ಏರೇಷನ್ ಟ್ಯಾಂಕಿನ ಡಿಒ, ಅಂದರೆ ನೀರಿನಲ್ಲಿ ಕರಗಿದ ಆಮ್ಲಜನಕ, ಇಳಿಯತೊಡಗಿತು. ಸಾಮಾನ್ಯವಾಗಿ ಲೀಟರಿಗೆ 2 ಮಿಲಿಗ್ರಾಂ ಆಸುಪಾಸು ಇರುವುದು 0.5ಕ್ಕಿಂತ ಕೆಳಗೆ ಹೋಯಿತು. ಬ್ಲೋವರ್ ಪೂರ್ತಿ ಓಡುತ್ತಿತ್ತು. ಯುವಿ ಪ್ರೋಬ್ ಮಾತ್ರ ಎಂದಿನ ಸಂಖ್ಯೆಯನ್ನೇ ತೋರಿಸುತ್ತಿತ್ತು. ಒಳಗೆ ಬರುವ ನೀರು ಸರಿಯಾಗೇ ಇದೆ, ಡಿಒ ಮೀಟರೇ ಕೆಟ್ಟಿರಬೇಕು ಅಂದುಕೊಂಡೆ. ಅದನ್ನು ತೆಗೆದು ತೊಳೆದು ಮತ್ತೆ ಹಾಕುವುದರಲ್ಲಿ ಅಮೂಲ್ಯ ಮೂರು ಗಂಟೆ ಹೋಯಿತು. ಬೆಳಗಿನ ಹೊತ್ತಿಗೆ ಈಕ್ವಲೈಸೇಷನ್ ಟ್ಯಾಂಕಿನ (ಬಂದ ನೀರನ್ನೆಲ್ಲ ಮೊದಲು ಕೂಡಿಸಿ ಬೆರೆಸುವ ಟ್ಯಾಂಕ್) ಪಿಎಚ್ ಕೂಡ ಇಳಿದಿತ್ತು, ಹುಳಿ ವಾಸನೆ ಬರುತ್ತಿತ್ತು. ಆಗ ಸಿಒಡಿ ಟ್ಯೂಬ್ ಹಾಕಿದೆ. ಪ್ರೋಬ್ ಹೇಳಿದ್ದರ ಎರಡು ಪಟ್ಟಿಗೂ ಜಾಸ್ತಿ ಬಂತು.

ಕಾರಣ ಸಿಕ್ಕಿದ್ದು ಮೆಂಬ್ರೇನ್ ಘಟಕದಲ್ಲಿ. ಪರ್ಮಿಯೇಟ್ ಟ್ಯಾಂಕಿನ ಡ್ರೈನ್ ವಾಲ್ವ್ ಪೂರ್ತಿ ಮುಚ್ಚಿರಲಿಲ್ಲ, ರಾತ್ರಿಯಿಡೀ ಹರಿದಿದೆ. ಪರ್ಮಿಯೇಟ್ ಅಂದರೆ ಹಾಲೊಡಕಿನಿಂದ ಪ್ರೋಟೀನ್ ಸೋಸಿದ ಮೇಲೆ ಉಳಿಯುವ ನೀರು. ನೋಡಲು ತಿಳಿಯಾಗಿ, ತೆಳು ಹಸಿರು ಹಳದಿಯಾಗಿ ಇರುತ್ತದೆ. ಆದರೆ ಅದರಲ್ಲಿ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ತುಂಬಿರುತ್ತದೆ. ಶೇಕಡಾ 5ರಷ್ಟು ಲ್ಯಾಕ್ಟೋಸ್ ಇದ್ದರೆ ಸಾವಿರ ಲೀಟರ್ ಪರ್ಮಿಯೇಟ್‌ನಲ್ಲಿ 50 ಕಿಲೋಗೂ ಜಾಸ್ತಿ ಸಿಒಡಿ.

ಪ್ರೋಬ್ ಯಾಕೆ ಹೇಳಲಿಲ್ಲ? ಅನುಮಾನ ತೀರಿಸಿಕೊಳ್ಳಲು ಎರಡು ಬಕೆಟ್ ಇಟ್ಟೆ. ಎರಡರಲ್ಲೂ 10 ಲೀಟರ್ ನಲ್ಲಿ ನೀರು. ಒಂದಕ್ಕೆ 50 ಮಿಲಿಲೀಟರ್ ಹಾಲು ಹಾಕಿದೆ, ಇನ್ನೊಂದಕ್ಕೆ 50 ಗ್ರಾಂ ಲ್ಯಾಕ್ಟೋಸ್ ಪುಡಿ ಕರಗಿಸಿದೆ. ಹಾಲಿನ ಬಕೆಟ್ಟಿಗೆ ಪ್ರೋಬ್ ಇಳಿಸಿದ ಕೂಡಲೇ ಸಂಖ್ಯೆ ಜಿಗಿಯಿತು. ಲ್ಯಾಕ್ಟೋಸ್ ಬಕೆಟ್ಟಿನಲ್ಲಿ ಕದಲಲೇ ಇಲ್ಲ, ಬರೀ ನಲ್ಲಿ ನೀರಿನಲ್ಲಿ ತೋರಿಸಿದಷ್ಟೇ ತೋರಿಸಿತು. ಅದೇ ಲ್ಯಾಕ್ಟೋಸ್ ನೀರನ್ನು ಟ್ಯೂಬಿಗೆ ಹಾಕಿದಾಗ ಸಿಒಡಿ ಲೀಟರಿಗೆ 5,000 ಮಿಲಿಗ್ರಾಂ ದಾಟಿತ್ತು.

254 ನ್ಯಾನೋಮೀಟರ್ ಬೆಳಕನ್ನು ಹೀರುವುದು ಉಂಗುರದಂತಹ ಆರೊಮ್ಯಾಟಿಕ್ ರಚನೆ ಇರುವ ಅಣುಗಳು. ಪ್ರೋಟೀನಿನಲ್ಲಿ ಅಂಥವು ಇವೆ. ಲ್ಯಾಕ್ಟೋಸಿನಲ್ಲಿ ಇಲ್ಲ. ಪರ್ಮಿಯೇಟ್‌ನಲ್ಲಿ ಬೆಳಕು ಹೀರುವ ಬೇರೆ ಪದಾರ್ಥಗಳು ಸ್ವಲ್ಪ ಇರುತ್ತವೆ, ಆದರೆ ಅದರ ಸಿಒಡಿಗೆ ಹೋಲಿಸಿದರೆ ಅದು ತೀರಾ ಕಡಿಮೆ. ಹಾಲು ಸೋರಿದಾಗ ಪ್ರೋಟೀನ್, ಜಿಡ್ಡು, ಸಕ್ಕರೆ ಮೂರೂ ಒಟ್ಟಿಗೆ ಬರುತ್ತವೆ. ಆದ್ದರಿಂದ ಪ್ರೋಟೀನನ್ನು ನೋಡಿ ಒಟ್ಟು ಸಿಒಡಿಯನ್ನು ಊಹಿಸಬಹುದು. ನಮ್ಮ ಮೂವತ್ತು ಸ್ಯಾಂಪಲ್ ತಾಳೆಯಾಗಿದ್ದು ಹೀಗೆ. ಸಕ್ಕರೆ ಒಂದೇ ಬಂದ ದಿನ ಆ ಲೆಕ್ಕ ಮುರಿದುಬಿತ್ತು. ಮಾರಿದವರನ್ನು ಕೇಳಿದರೆ ಮತ್ತೊಮ್ಮೆ ಕ್ಯಾಲಿಬ್ರೇಟ್ ಮಾಡಿ ಅಂದರು. ಕಾಣಿಸದೇ ಇರುವುದನ್ನು ಕ್ಯಾಲಿಬ್ರೇಟ್ ಮಾಡಿ ಕಾಣಿಸಲು ಆಗುತ್ತದೆಯೇ? ಕೊಳ್ಳುವ ಮೊದಲೇ ಈ ಬಕೆಟ್ ಪರೀಕ್ಷೆ ಮಾಡಬೇಕಿತ್ತು. ನೀವಾದರೂ ಮಾಡಿ, ಅರ್ಧ ಗಂಟೆಯ ಕೆಲಸ.

ಆ ರಾತ್ರಿಯ ಪೆಟ್ಟು ಅಲ್ಲಿಗೇ ನಿಲ್ಲಲಿಲ್ಲ. ಆಮ್ಲಜನಕ ಸಾಲದೆ, ಸಕ್ಕರೆ ಜಾಸ್ತಿಯಾಗಿ, ದಾರದಂಥ ಬ್ಯಾಕ್ಟೀರಿಯಾ ಬೆಳೆದು ಸ್ಲಡ್ಜ್ (ಟ್ಯಾಂಕಿನ ಬ್ಯಾಕ್ಟೀರಿಯಾಗಳ ಕೆಸರು) ಉಬ್ಬಿಕೊಂಡಿತು. ಕೆಳಗೆ ಕೂರಲೇ ಇಲ್ಲ. ಸರಿಹೋಗಲು ಮೂರು ವಾರ ಬೇಕಾಯಿತು.

ಯುವಿ ಪ್ರೋಬಿನ ಗಾಜಿಗೆ ಜಿಡ್ಡು ಮೆತ್ತುವ ತೊಂದರೆಯೂ ಇದೆ. ಆದರೆ ಅದು ವಾರಕ್ಕೆರಡು ಸಲ ಒರೆಸಿದರೆ ಮುಗಿಯುತ್ತದೆ.

ಟಿಒಸಿ ಅನಲೈಸರಿಗೆ ಈ ಕುರುಡು ಇಲ್ಲ. ನೀರಿನಲ್ಲಿರುವ ಸಾವಯವ ಇಂಗಾಲವನ್ನೆಲ್ಲ ಉರಿಸಿ, ಬರುವ ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತದೆ. ಲ್ಯಾಕ್ಟೋಸ್ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ಹತ್ತು ನಿಮಿಷದೊಳಗೆ ಉತ್ತರ ಕೊಡುತ್ತಿತ್ತು. ಯಂತ್ರ ನಿಜಕ್ಕೂ ಒಳ್ಳೆಯದು. ಆದರೆ ನೀರು ಎಳೆದುಕೊಳ್ಳುವ ಸಣ್ಣ ಟ್ಯೂಬ್ ಜಿಡ್ಡಿನಿಂದ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಫಿಲ್ಟರ್ ಹಾಕಿದರೆ ನಾವು ಅಳೆಯಬೇಕಾದ ಜಿಡ್ಡೇ ಹೊರಗುಳಿಯುತ್ತದೆ. ಇನ್ನೊಂದು ವಿಷಯ: ಟಿಒಸಿಯಿಂದ ಸಿಒಡಿ ಲೆಕ್ಕ ಹಾಕಲು ಒಂದೇ ಗುಣಕ ಸಾಲದು. ಲ್ಯಾಕ್ಟೋಸಿಗೆ ಅದು 2.67, ಹಾಲಿನ ಕೊಬ್ಬಿಗೆ 3.5ಕ್ಕೂ ಮೇಲೆ. ಬೆಣ್ಣೆ ವಿಭಾಗ ತೊಳೆಯುವ ದಿನ ಒಂದು ಲೆಕ್ಕ, ಪರ್ಮಿಯೇಟ್ ಬಂದ ದಿನ ಇನ್ನೊಂದು. ಬೆಲೆಯಂತೂ ನಮ್ಮ ಎಲ್ಲ ಚರಂಡಿಗಳಿಗೆ ಸೆನ್ಸರ್ ಜೋಡಿ ಹಾಕಿದ್ದಕ್ಕಿಂತ ಹೆಚ್ಚು. ನಾವು ಶಿಫ್ಟಿಗೆ ಇಬ್ಬರೇ ಇರುವುದು. ಅದರ ಸೇವೆಗೆ ಒಬ್ಬರನ್ನು ಬಿಡಲು ಆಗಲಿಲ್ಲ.

ಈಗ ನನ್ನ ಜೋಡಿಗೆ ಬರುತ್ತೇನೆ. ಟರ್ಬಿಡಿಟಿ ಸೆನ್ಸರ್ ಕೂಡ ಲ್ಯಾಕ್ಟೋಸನ್ನು ನೋಡುವುದಿಲ್ಲ ಅಲ್ವಾ ಅಂತ ನೀವು ಕೇಳಬಹುದು. ನಿಜ, ನೋಡುವುದಿಲ್ಲ. ಆದರೆ ಪರ್ಮಿಯೇಟ್‌ನಲ್ಲಿ ಸಕ್ಕರೆಯ ಜೊತೆ ಹಾಲಿನ ಲವಣಗಳೂ ಇವೆ, ಅವು ಕಂಡಕ್ಟಿವಿಟಿಗೆ ಸಿಕ್ಕಿಬೀಳುತ್ತವೆ. ನಮ್ಮ ತೊಳೆಯುವ ನೀರಿನ ಕಂಡಕ್ಟಿವಿಟಿ 1 ಮಿಲಿಸೀಮೆನ್ಸ್‌ಗಿಂತ ಕಡಿಮೆ. ಹಾಲಿನದು 5ರ ಆಸುಪಾಸು. ಸಿಐಪಿಗೆ (ಪೈಪು, ಟ್ಯಾಂಕುಗಳನ್ನು ಬಿಚ್ಚದೆ ಒಳಗೇ ತೊಳೆಯುವುದು) ಬಳಸುವ ಶೇಕಡಾ 1ರ ಕಾಸ್ಟಿಕ್‌ನದು 50ರ ಹತ್ತಿರ. ಹಾಗಾಗಿ ಎರಡನ್ನೂ ಒಟ್ಟಿಗೆ ಓದಿದರೆ ಏನು ಬರುತ್ತಿದೆ ಅಂತ ಗೊತ್ತಾಗುತ್ತದೆ. ನೀರು ಮಬ್ಬಾಗಿ ಕಂಡಕ್ಟಿವಿಟಿ ಸ್ವಲ್ಪ ಏರಿದರೆ ಹಾಲು. ನೀರು ತಿಳಿಯಾಗಿದ್ದು ಕಂಡಕ್ಟಿವಿಟಿ ಮಾತ್ರ ಸ್ವಲ್ಪ ಏರಿ ಅಲ್ಲೇ ನಿಂತರೆ ಪರ್ಮಿಯೇಟ್. ಕಂಡಕ್ಟಿವಿಟಿ ಒಮ್ಮೆಲೇ ಮೇಲಕ್ಕೆ ಹಾರಿದರೆ ಸಿಐಪಿ.

ಇದೆಲ್ಲ ನಡೆಯುವುದು ವಿಭಾಗದ ಚರಂಡಿಯಲ್ಲಿ ಮಾತ್ರ. ಇಟಿಪಿಗೆ ಬಂದು ಎಲ್ಲ ಕಲೆತ ಮೇಲೆ ಯಾವ ಸೆನ್ಸರ್ ಹಾಕಿದರೂ ಬಿಡಿಸಿ ಹೇಳಲಾರದು. ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸ ಇದೇ. ಕೊನೆಯಲ್ಲಿ ನಿಖರವಾದ ಸಂಖ್ಯೆ ಸಿಕ್ಕಿ ನಾನೇನು ಮಾಡಲಿ? ಯಾವ ವಾಲ್ವ್ ಸೋರುತ್ತಿದೆ ಅಂತ ಆಪರೇಟರಿಗೆ ಈಗಲೇ ಗೊತ್ತಾಗಬೇಕು. ಈಗ ಅಲಾರಂ ಅವರ ಮುಂದೆಯೇ ಹೊಡೆಯುತ್ತದೆ. ನನಗೆ ಸುದ್ದಿ ಬರುವ ಹೊತ್ತಿಗೆ ವಾಲ್ವ್ ಮುಚ್ಚಿರುತ್ತದೆ. ಬಂದಷ್ಟನ್ನು ಬೇರೆ ಟ್ಯಾಂಕಿಗೆ ತಿರುಗಿಸಿ, ನಿಧಾನವಾಗಿ ಏರೇಷನ್‌ಗೆ ಬಿಡುತ್ತೇವೆ.

ಕೊರತೆ ಇಲ್ಲ ಅನ್ನುವುದಿಲ್ಲ. ಚೀಸಿನ ಉಪ್ಪುನೀರಿನ ಕೋಣೆಯಲ್ಲಿ ಕಂಡಕ್ಟಿವಿಟಿ ಪ್ರಯೋಜನಕ್ಕೆ ಬರಲಿಲ್ಲ. ನೊರೆ ಬಂದರೆ ಟರ್ಬಿಡಿಟಿ ಅದನ್ನೂ ಹಾಲು ಅಂದುಕೊಳ್ಳುತ್ತದೆ. ಸೆನ್ಸರ್ ಸದಾ ಮುಳುಗಿರುವಂತೆ ಸಣ್ಣ ಗುಂಡಿ ಮಾಡಿ, ಅಲಾರಂಗೆ ಒಂದು ನಿಮಿಷ ತಡ ಇಟ್ಟ ಮೇಲೆ ಸುಳ್ಳು ಕೂಗು ನಿಂತಿತು. ಕಂಡಕ್ಟಿವಿಟಿಗೆ ಉಂಗುರದ ಆಕಾರದ ಇಂಡಕ್ಟಿವ್ ಸೆನ್ಸರನ್ನೇ ಕೊಳ್ಳಿ, ಅದಕ್ಕೆ ಜಿಡ್ಡಿನ ಭಯ ಕಡಿಮೆ.

ಈ ಜೋಡಿ ಸಿಒಡಿ ಸಂಖ್ಯೆಯನ್ನಂತೂ ಕೊಡುವುದಿಲ್ಲ. ಅದಕ್ಕೇ ಟ್ಯೂಬ್ ಬೇಕು. 150 ಡಿಗ್ರಿಯಲ್ಲಿ 2 ಗಂಟೆ ಕಾಯಿಸಿ, ತಣಿಸಿ, ಫೋಟೋಮೀಟರಿಗೆ ಹಾಕುವುದು. ಬಳಸಿದ ಟ್ಯೂಬಿನಲ್ಲಿ ಪಾದರಸ ಇರುತ್ತದೆ, ಸುಮ್ನೆ ಸಿಂಕಿಗೆ ಸುರಿಯಬೇಡಿ, ಬೇರೆಯಾಗಿ ಕೂಡಿಡಿ. 24 ಗಂಟೆ ಸ್ವಲ್ಪ ಸ್ವಲ್ಪವೇ ಕೂಡಿಸಿದ ಸ್ಯಾಂಪಲನ್ನು 4 ಡಿಗ್ರಿಯಲ್ಲಿ ಇಡದಿದ್ದರೆ ಬಾಟಲಿಯಲ್ಲೇ ಹುಳಿಯುತ್ತದೆ. ಕೆಡದಿರಲಿ ಅಂತ ಗಂಧಕಾಮ್ಲ ಹಾಕಿದರೆ ಪಿಎಚ್ 4.6ರ ಹತ್ತಿರ ಬಂದಾಗ ಹಾಲಿನ ಪ್ರೋಟೀನಾದ ಕೇಸೀನ್ ಒಡೆದು ಗಡ್ಡೆ ಕಟ್ಟುತ್ತದೆ. ಒಂದೇ ಬಾಟಲಿಯಿಂದ ನನಗೆ ಒಮ್ಮೆ 2,100, ಇನ್ನೊಮ್ಮೆ 3,400 ಬಂದಿದ್ದು ಈ ಗಡ್ಡೆಯಿಂದಲೇ. ಈಗ ಪಿಪೆಟ್ ಮುಟ್ಟುವ ಮೊದಲು ಸ್ಯಾಂಪಲನ್ನು ಬ್ಲೆಂಡರಿಗೆ ಹಾಕುತ್ತೇನೆ.

ನಿಮ್ಮಲ್ಲಿ ಬರೀ ಹಾಲಿನ ಪ್ಯಾಕಿಂಗ್ ಇದ್ದು ಮೆಂಬ್ರೇನ್ ಇಲ್ಲದಿದ್ದರೆ ಯುವಿ ಪ್ರೋಬ್ ಸಾಕು. ದೊಡ್ಡ ಪ್ಲಾಂಟ್ ಇದ್ದು, ಅನಲೈಸರಿಗೆಂದೇ ಒಬ್ಬ ಟೆಕ್ನಿಷಿಯನ್ ಇದ್ದರೆ ಟಿಒಸಿ ತೆಗೆದುಕೊಳ್ಳಿ. ಕಡಿಮೆ ಜನ, ಕಡಿಮೆ ದುಡ್ಡು, ಹಾಲೊಡಕು ಜಾಸ್ತಿ ಅನ್ನುವ ನನ್ನಂಥವರು ಚರಂಡಿಗೊಂದು ಜೋಡಿ ಹಾಕಿಸಿ. ನಾನು ಕೊಂಡ ಯುವಿ ಪ್ರೋಬನ್ನು ಹಾಲಿನ ಟ್ಯಾಂಕರ್ ತೊಳೆಯುವ ಜಾಗದ ಚರಂಡಿಗೆ ಸಾಗಿಸಿದೆ. ಅಲ್ಲಿ ಬರುವುದು ಹಾಲು ಮಾತ್ರ. ಎಂಟು ತಿಂಗಳಾಯಿತು, ಅಲ್ಲಿ ಅದು ಒಮ್ಮೆಯೂ ತಪ್ಪು ಹೇಳಿಲ್ಲ.