ಅಮೆರಿಕದ ಉದ್ಯೋಗ ವರದಿ: ಅಂಕಿ ಕಳುಹಿಸುತ್ತಿದ್ದವಳ ವಿಮರ್ಶೆ

ಓಹಾಯೋ ರಾಜ್ಯದ ಒಂದು ಯಂತ್ರದ ಬಿಡಿಭಾಗಗಳ ಕಾರ್ಖಾನೆಯಲ್ಲಿ ನಾನು ಹನ್ನೊಂದು ವರ್ಷ ಸಂಬಳದ ಲೆಕ್ಕ ನೋಡಿಕೊಂಡಿದ್ದೆ. ಆ ಅವಧಿಯಲ್ಲಿ ಸುಮಾರು ಮೂರು ವರ್ಷ ನಮ್ಮ ಕಾರ್ಖಾನೆ, ಉದ್ಯೋಗದ ಅಂಕಿಅಂಶ ಕಲೆಹಾಕುವ ಸರ್ಕಾರಿ ಕಚೇರಿಯಾದ ಬ್ಯೂರೋ ಆಫ್ ಲೇಬರ್ ಸ್ಟ್ಯಾಟಿಸ್ಟಿಕ್ಸ್ ತನ್ನ ಸಮೀಕ್ಷೆಗೆ ಆಯ್ದುಕೊಂಡ ಸಂಸ್ಥೆಗಳಲ್ಲಿ ಒಂದಾಗಿತ್ತು. ತಿಂಗಳ 12ನೇ ತಾರೀಖು ಯಾವ ಸಂಬಳದ ಅವಧಿಯೊಳಗೆ ಬೀಳುತ್ತದೋ ಆ ಅವಧಿಯ ಪಟ್ಟಿಯನ್ನು ತೆಗೆದು, ಎಷ್ಟು ಜನ, ಅವರಲ್ಲಿ ಹೆಂಗಸರೆಷ್ಟು, ಎಷ್ಟು ಗಂಟೆ, ಎಷ್ಟು ಓವರ್‌ಟೈಮ್, ಎಷ್ಟು ಡಾಲರ್ ಎಂದು ಒಂದು ಹಾಳೆಯಲ್ಲಿ ತುಂಬುತ್ತಿದ್ದೆ. ಆಮೇಲೆ ದೂರವಾಣಿಯ ಗುಂಡಿಗಳನ್ನು ಒತ್ತಿ ಆ ಅಂಕಿಗಳನ್ನು ಕಳುಹಿಸುತ್ತಿದ್ದೆ. ಆದ್ದರಿಂದ ಇದು ಗ್ರಾಹಕಳೊಬ್ಬಳ ವಿಮರ್ಶೆಯಷ್ಟೇ ಅಲ್ಲ, ಹಿಟ್ಟು ಬೀಸಿ ಕೊಟ್ಟವಳು ರೊಟ್ಟಿಯ ಬಗ್ಗೆ ಹೇಳುವ ಮಾತೂ ಹೌದು.

ಇಂತಹ ಅಂಕಿಗಳಿಂದ ಬ್ಯೂರೋ ಸಿದ್ಧಪಡಿಸುವ ಉದ್ಯೋಗ ವರದಿ ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ, ಪೂರ್ವ ಕರಾವಳಿಯ ಸಮಯ ಬೆಳಿಗ್ಗೆ 8.30ಕ್ಕೆ ಬಿಡುಗಡೆಯಾಗುತ್ತದೆ. ಒಂದು ಸೆಂಟ್ ಖರ್ಚಿಲ್ಲ. ಷೇರು ವ್ಯಾಪಾರಿಗೂ ನನ್ನಂತಹವಳಿಗೂ ಅದೇ ಕ್ಷಣದಲ್ಲಿ, ಅದೇ ಕೋಷ್ಟಕಗಳು. ಅದರ ಹಿಂದೆ ಸುಮಾರು 1.2 ಲಕ್ಷ ಸಂಸ್ಥೆಗಳು ಮತ್ತು ಸರ್ಕಾರಿ ಕಚೇರಿಗಳ ಲೆಕ್ಕವಿದೆ. ನಿರುದ್ಯೋಗದ ಪ್ರಮಾಣ ಮಾತ್ರ ಬೇರೆ ಕಡೆಯಿಂದ, ಸುಮಾರು 60,000 ಮನೆಗಳ ಸಮೀಕ್ಷೆಯಿಂದ, ಬರುತ್ತದೆ. ಇಷ್ಟನ್ನು ಇಷ್ಟು ಬೇಗ ಲೆಕ್ಕಹಾಕಿ ಜನರ ಮುಂದಿಡುವ ಸೇವೆಯ ಬಗ್ಗೆ ನನಗೆ ಆಳವಾದ ಗೌರವವಿದೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಕಡಿಮೆ ಮಾಡಿದ ಒಂದು ಅಂಕ ವರದಿಯ ಮೊದಲ ಸಾಲಿಗಾಗಿ. 'ಕಳೆದ ತಿಂಗಳು ಇಷ್ಟು ಉದ್ಯೋಗ ಹೆಚ್ಚಿದವು' ಎಂಬ ಆ ಸಂಖ್ಯೆಯೇ ಸುದ್ದಿಯಾಗುತ್ತದೆ, ಆದರೆ ಇಡೀ ವರದಿಯಲ್ಲಿ ಹೆಚ್ಚು ಅಲುಗಾಡುವುದೂ ಅದೇ. ಅಮೆರಿಕದಲ್ಲಿ ಒಂದು ತಿಂಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವವರು ಸುಮಾರು 50 ಲಕ್ಷ, ಬಿಡುವವರೂ ಹೆಚ್ಚುಕಡಿಮೆ ಅಷ್ಟೇ. ಒಂದು ಲಕ್ಷ, ಒಂದೂವರೆ ಲಕ್ಷ ಎಂದು ನಾವು ಓದುವುದು ಈ ಎರಡು ಹೊಳೆಗಳ ನಡುವಿನ ವ್ಯತ್ಯಾಸವನ್ನು. ಅಂದಾಜಿನ ತಪ್ಪಿಗೆ ಬ್ಯೂರೋ ತಾನೇ ಬಿಟ್ಟುಕೊಳ್ಳುವ ಅಂಚು ಎರಡೂ ಕಡೆಗೆ ಒಂದು ಲಕ್ಷಕ್ಕಿಂತ ಹೆಚ್ಚು. ಹಾಗಿರುವಾಗ 40,000 ಬಂತೆಂದು ಹಿಗ್ಗುವುದಕ್ಕೂ ಕುಗ್ಗುವುದಕ್ಕೂ ಆಧಾರವಿಲ್ಲ.

ಸಂಖ್ಯೆ ದೊಡ್ಡದಾಗಿದ್ದರೂ ಒಳಗೇನಿದೆ ಎಂದು ಬಿಡಿಸಿ ನೋಡಬೇಕು. 2010ರ ಮೇ ತಿಂಗಳಲ್ಲಿ 4,31,000 ಉದ್ಯೋಗಗಳು ಹೆಚ್ಚಿದವು ಎಂದು ವರದಿ ಹೇಳಿತು. ಅವುಗಳಲ್ಲಿ 4,11,000 ಜನಗಣತಿಗಾಗಿ ತೆಗೆದುಕೊಂಡ ತಾತ್ಕಾಲಿಕ ಕೆಲಸಗಳು. ಆ ಬೇಸಿಗೆ ಕಳೆಯುವಷ್ಟರಲ್ಲಿ ಅವರಲ್ಲಿ ಹೆಚ್ಚಿನವರು ಮನೆಗೆ ಮರಳಿದ್ದರು. 2025ರಲ್ಲಿ ಹೆಚ್ಚಳದ ಬಹುಪಾಲು ಆರೋಗ್ಯ ಸೇವೆ ಮತ್ತು ಸಾಮಾಜಿಕ ನೆರವಿನ ಕ್ಷೇತ್ರದ್ದು. ಒಂದೇ ಕಂಬದ ಮೇಲೆ ನಿಂತ ಚಪ್ಪರವನ್ನು ನೋಡಿ ಆರ್ಥಿಕತೆ ಬೆಳೆಯುತ್ತಿದೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಸಂಸ್ಥೆಗಳಿಂದ ಬರುವ ಈ ಲೆಕ್ಕಕ್ಕೆ ಸೇರದವರೂ ಇದ್ದಾರೆ: ಹೊಲದಲ್ಲಿ ದುಡಿಯುವವರು, ಸ್ವಂತ ಉದ್ಯೋಗದವರು, ಮನೆಗೆಲಸದವರು. ಎರಡು ಕಡೆ ದುಡಿಯುವವರು ಎರಡು ಸಲ ಎಣಿಕೆಯಾಗುತ್ತಾರೆ. ನಮ್ಮ ಪ್ಯಾಕಿಂಗ್ ವಿಭಾಗದ ಹೆಂಗಸೊಬ್ಬಳು ರಾತ್ರಿ ಔಷಧಿ ಅಂಗಡಿಯಲ್ಲೂ ನಿಲ್ಲುತ್ತಿದ್ದಳು. ದೇಶದ ಲೆಕ್ಕದಲ್ಲಿ ಅವಳು ಎರಡು ಉದ್ಯೋಗ, ನನ್ನ ಕಣ್ಣಿಗೆ ನಿದ್ದೆಗೆಟ್ಟ ಒಬ್ಬಳು ತಾಯಿ.

ಇನ್ನು ಪರಿಷ್ಕರಣೆಯ ಮಾತು. ಜನರಿಗೆ ಸಿಟ್ಟು ಬರುವುದೂ ಇಲ್ಲಿಯೇ, ನನ್ನ ಮನಸ್ಸಿಗೆ ಹತ್ತಿರವಾದದ್ದೂ ಇದೇ. ಮೊದಲ ಅಂದಾಜನ್ನು ಮುಂದಿನ ಎರಡು ತಿಂಗಳುಗಳಲ್ಲಿ ಎರಡು ಸಲ ತಿದ್ದುತ್ತಾರೆ. 2008ರ ಸೆಪ್ಟೆಂಬರ್ ತಿಂಗಳಲ್ಲಿ 1,59,000 ಉದ್ಯೋಗಗಳು ಹೋದವು ಎಂದು ಮೊದಲು ಬಂತು. ಮುಂದಿನ ತಿಂಗಳು ಅದು 2,84,000 ಆಯಿತು, ಅದರ ಮುಂದಿನ ತಿಂಗಳು 4,03,000. ಮೋಸ ಎಂದು ಕಾರ್ಖಾನೆಯ ಊಟದ ಕೋಣೆಯಲ್ಲಿ ಒಬ್ಬರು ಮೇಜು ಕುಟ್ಟಿದರು. ನಾನು ಬಾಯಿ ತೆರೆಯಲಿಲ್ಲ, ಏಕೆಂದರೆ ಆ ಸೆಪ್ಟೆಂಬರ್ ತಿಂಗಳ ಹಾಳೆಯನ್ನು ನಾನೇ ತಡವಾಗಿ ಕಳುಹಿಸಿದ್ದೆ. ಯಾರನ್ನು ತೆಗೆಯಬೇಕು, ಯಾರನ್ನು ಉಳಿಸಿಕೊಳ್ಳಬೇಕು ಎಂದು ಕಚೇರಿಯಲ್ಲಿ ದಿನವಿಡೀ ಸಭೆ ನಡೆಯುತ್ತಿತ್ತು. ಪ್ರತಿ ಸಭೆಗೂ ನಾನು ಹೊಸ ಪಟ್ಟಿ ಮಾಡಿಕೊಡಬೇಕಿತ್ತು, ಸಮೀಕ್ಷೆಯ ಹಾಳೆ ಮೇಜಿನ ಮೂಲೆಯಲ್ಲಿ ಬಿದ್ದಿತ್ತು. ಕಷ್ಟದಲ್ಲಿರುವ ಸಂಸ್ಥೆಯಿಂದಲೇ ಉತ್ತರ ತಡವಾಗುತ್ತದೆ ಎಂದು ಅಂದಿನಿಂದ ನಂಬಿದ್ದೇನೆ. ತಡವಾಗಿ ಬಂದ ನಮ್ಮ ಅಂಕಿಯನ್ನು ಎಸೆಯದೆ ಸೇರಿಸಿಕೊಂಡು, ಹಿಂದಿನ ತಿಂಗಳ ಸಂಖ್ಯೆಯನ್ನು ಎಲ್ಲರೆದುರು ತಿದ್ದಿದ ಕಚೇರಿಯನ್ನು ನಾನು ಹೇಗೆ ದೂರಲಿ?

ವರ್ಷಕ್ಕೊಮ್ಮೆ ಇನ್ನೂ ದೊಡ್ಡ ತಿದ್ದುಪಡಿ ನಡೆಯುತ್ತದೆ. ಮಾಲೀಕರು ನಿರುದ್ಯೋಗ ವಿಮೆಗಾಗಿ ಸಲ್ಲಿಸುವ ತೆರಿಗೆ ದಾಖಲೆಗಳಲ್ಲಿ ಹೆಚ್ಚುಕಡಿಮೆ ದೇಶದ ಎಲ್ಲ ಉದ್ಯೋಗಗಳೂ ಇರುತ್ತವೆ. ಸಮೀಕ್ಷೆಯನ್ನು ಅದರ ಪಕ್ಕದಲ್ಲಿಟ್ಟು ಸರಿಹೊಂದಿಸುತ್ತಾರೆ. 2024ರ ಮಾರ್ಚ್ ತಿಂಗಳ ಮಟ್ಟವನ್ನು ಹೀಗೆ ಸುಮಾರು 6 ಲಕ್ಷದಷ್ಟು ಇಳಿಸಬೇಕಾಯಿತು. ಹೊಸದಾಗಿ ಹುಟ್ಟಿದ ಸಂಸ್ಥೆ ಸಮೀಕ್ಷೆಗೆ ಆಯ್ದ ಸಂಸ್ಥೆಗಳಲ್ಲಿ ಕೂಡಲೇ ಕಾಣುವುದಿಲ್ಲ, ಮುಚ್ಚಿದ ಸಂಸ್ಥೆ ಉತ್ತರವನ್ನೇ ಕೊಡುವುದಿಲ್ಲ. ಈ ಹುಟ್ಟು ಸಾವುಗಳನ್ನು ಹಳೆಯ ಅನುಭವದ ಮೇಲೆ ಊಹಿಸಬೇಕಾಗುತ್ತದೆ, ಕಾಲ ತಿರುಗಿದಾಗ ಊಹೆ ಹಿಂದೆ ಬೀಳುತ್ತದೆ.

2025ರ ಆಗಸ್ಟ್ 1ರಂದು ಬಂದ ವರದಿ ಮೇ ಮತ್ತು ಜೂನ್ ತಿಂಗಳ ಲೆಕ್ಕವನ್ನು ಒಟ್ಟು 2,58,000ದಷ್ಟು ತಗ್ಗಿಸಿತು. ಅಧ್ಯಕ್ಷ ಟ್ರಂಪ್ ಅದೇ ದಿನ ಬ್ಯೂರೋದ ಆಯುಕ್ತೆ ಎರಿಕಾ ಮೆಕೆಂಟಾರ್ಫರ್ ಅವರನ್ನು ವಜಾ ಮಾಡಿದರು. ಆ ಸುದ್ದಿ ಓದಿ ನನಗೆ ರಾತ್ರಿಯಿಡೀ ಸಂಕಟವಾಯಿತು. ತಿದ್ದುವುದೇ ಅಪರಾಧವಾದರೆ, ಮುಂದೆ ನನ್ನಂತಹವಳ ತಡವಾದ ಹಾಳೆಯನ್ನು ಯಾರು ತೆರೆದು ನೋಡುತ್ತಾರೆ?

ಕೆಲಸದಿಂದ ನಿವೃತ್ತಳಾದರೂ ಪ್ರತಿ ತಿಂಗಳೂ ವರದಿಯನ್ನು ಓದುತ್ತೇನೆ, ಮೊದಲ ಪುಟ ಬಿಟ್ಟು. ನೇರವಾಗಿ ಬಿ-2 ಕೋಷ್ಟಕಕ್ಕೆ ಹೋಗುತ್ತೇನೆ. ಅಲ್ಲಿ ವಾರದ ಸರಾಸರಿ ಗಂಟೆಗಳು, ಕಾರ್ಖಾನೆಗಳ ಓವರ್‌ಟೈಮ್ ಇವೆ. ಆಮೇಲೆ ಬಿ-1ರಲ್ಲಿ ತಾತ್ಕಾಲಿಕ ನೌಕರರ ಏಜೆನ್ಸಿಗಳ ಸಾಲು. ಕೊನೆಗೆ ಮೂರು ತಿಂಗಳ ಸರಾಸರಿ. ಯಾರಾದರೂ ನನ್ನನ್ನು ಕೇಳಿದರೆ ಇದೇ ಕ್ರಮ ಹೇಳಿಕೊಡುತ್ತೇನೆ, ಏಕೆಂದರೆ ನಮ್ಮಲ್ಲಿ ಕೆಲಸಗಳು ಹೋದದ್ದು ಈ ಕ್ರಮದಲ್ಲಿಯೇ. 2008ರ ವಸಂತದಲ್ಲಿ ಶನಿವಾರದ ಓವರ್‌ಟೈಮ್ ನಿಂತಿತು. ಆಗ ತಲೆ ಎಣಿಕೆಯಲ್ಲಿ ಒಬ್ಬರೂ ಕಡಿಮೆಯಾಗಿರಲಿಲ್ಲ. ಬೇಸಿಗೆಯಲ್ಲಿ ಏಜೆನ್ಸಿಯಿಂದ ಬರುತ್ತಿದ್ದ ಹುಡುಗರು ಬರುವುದನ್ನು ಬಿಟ್ಟರು. ಅವರ ಹೆಸರು ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲವಾದ್ದರಿಂದ ನನ್ನ ಹಾಳೆಯಲ್ಲಿ ಅದೂ ಕಾಣಲಿಲ್ಲ. ನಂತರ, ಬಿಟ್ಟುಹೋದವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ.

ನವೆಂಬರ್ ತಿಂಗಳಲ್ಲಿ ನಮ್ಮ ಪಟ್ಟಿ 214ರಿಂದ 171ಕ್ಕೆ ಇಳಿದಿತ್ತು. ದೂರವಾಣಿಯಲ್ಲಿ ಆ ಮೂರು ಅಂಕಿಗಳನ್ನು ಒತ್ತಿದೆ. ಧ್ವನಿಮುದ್ರಿತ ದನಿ ಅವನ್ನು ಬಿಡಿಬಿಡಿಯಾಗಿ ತಿರುಗಿ ಓದಿತು: ಒಂದು, ಏಳು, ಒಂದು. ಸರಿಯಿದ್ದರೆ ಖಚಿತಪಡಿಸಿ ಎಂದಿತು. ಪಕ್ಕದ ಮೇಜು ಆಗಲೇ ಖಾಲಿಯಾಗಿತ್ತು. ನಾನು ಗುಂಡಿ ಒತ್ತಿದೆ.