ಮಡಿಕೇರಿ ಸಮೀಪದ ಗ್ಯಾಲರಿಯ ಶಾಲಾ ಕಲಾ ಕಾರ್ಯಕ್ರಮ: ಮಣ್ಣಿನ ಪಾಠಕ್ಕೆ ಪೂರ್ಣ ಅಂಕ, ಬಣ್ಣದ ಪಾಠಕ್ಕೆ ಅರ್ಧ

ಶಾಲಾ ಮಕ್ಕಳನ್ನು ಗ್ಯಾಲರಿಗೆ ಬರಮಾಡಿಕೊಂಡು ಅವರ ಕೈಯಿಂದಲೇ ಏನಾದರೂ ಮಾಡಿಸುವ ಕಾರ್ಯಕ್ರಮಗಳು ಈಗ ನಮ್ಮ ಜಿಲ್ಲೆಯಲ್ಲೂ ಕಾಣಿಸಿಕೊಳ್ಳುತ್ತಿವೆ. ಇವುಗಳ ಬೆಲೆ ಕಟ್ಟುವಾಗ ಬಹುಪಾಲು ಶಾಲೆಗಳು ಮಕ್ಕಳು ಸಂಜೆ ಮನೆಗೆ ಏನನ್ನು ಹಿಡಿದುಕೊಂಡು ಹೋದರು ಎಂಬುದನ್ನಷ್ಟೇ ನೋಡುತ್ತವೆ. ನಾನು ನೋಡುವುದು ಬೇರೆಯದನ್ನು: ಮಣ್ಣನ್ನೋ ಕುಂಚವನ್ನೋ ಮುಟ್ಟುವ ಮೊದಲು ಮಕ್ಕಳು ಅಲ್ಲಿರುವ ಕೃತಿಗಳ ಮುಂದೆ ಎಷ್ಟು ಹೊತ್ತು ನಿಂತರು, ಹಾಗೆ ನಿಂತು ಕಂಡದ್ದು ಆಮೇಲಿನ ಕೈಕೆಲಸಕ್ಕೆ ಎಷ್ಟರಮಟ್ಟಿಗೆ ಇಳಿದು ಬಂತು ಎಂಬುದನ್ನು. ಪೊನ್ನಂಪೇಟೆ ತಾಲ್ಲೂಕಿನ ನಮ್ಮ ಶಾಲೆಯ ಏಳು ಮತ್ತು ಎಂಟನೇ ತರಗತಿಯ 36 ಮಕ್ಕಳೊಂದಿಗೆ ಮಡಿಕೇರಿ ಸಮೀಪದ ಒಂದು ಖಾಸಗಿ ಗ್ಯಾಲರಿಯಲ್ಲಿ ಒಂದು ದಿನ ಕಳೆದು ಬಂದ ಮೇಲೆ, ಇತರ ಶಿಕ್ಷಕರಿಗೆ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಬೆರಳೆಣಿಕೆಯ ಜನ ನಡೆಸುತ್ತಿರುವ ಸಣ್ಣ ಸಂಸ್ಥೆ ಅದು. ಕೊರತೆಗಳನ್ನು ಅವರಿಗೆ ನೇರವಾಗಿಯೇ ಹೇಳಿ ಬಂದಿರುವುದರಿಂದ ಇಲ್ಲಿ ಹೆಸರು ಬರೆದಿಲ್ಲ.

ಇಂಥದೊಂದು ಸ್ಥಳ ಜಿಲ್ಲೆಯೊಳಗೇ ಇರುವುದು ನಮಗೆ ಎಷ್ಟು ಮುಖ್ಯ ಎಂಬುದನ್ನು ಮೊದಲು ಹೇಳಬೇಕು. ಕೊಡಗಿಗೆ ರೈಲಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ತೋರಿಸಬೇಕೆಂದರೂ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ಬಸ್ ಪ್ರಯಾಣ. ಬೆಂಗಳೂರಿನಲ್ಲಿ ಮಾಣಿಕ್ಯವೇಲು ಭವನದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ 2009ರಲ್ಲಿ ಬಾಗಿಲು ತೆರೆಯಿತು, ಕಸ್ತೂರಬಾ ರಸ್ತೆಯ ಕಲೆ ಮತ್ತು ಛಾಯಾಗ್ರಹಣ ವಸ್ತುಸಂಗ್ರಹಾಲಯ 2023ರಲ್ಲಿ. ಆದರೆ ನಮ್ಮ ಮಕ್ಕಳು ಅವುಗಳನ್ನು ನೋಡಬೇಕಾದರೆ ರಾತ್ರಿ ತಂಗುವ ಏರ್ಪಾಡೇ ಬೇಕು. ಮಡಿಕೇರಿ ಕೋಟೆಯೊಳಗಿನ ಹಳೆಯ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ, ನಾಲ್ಕುನಾಡು ಅರಮನೆಯಲ್ಲಿ ಭಿತ್ತಿಚಿತ್ರಗಳಿವೆ, ಎರಡನ್ನೂ ಮಕ್ಕಳಿಗೆ ತೋರಿಸಲೇಬೇಕು. ಆದರೆ ಅವು ಸಂರಕ್ಷಿತ ವಸ್ತುಗಳು, ಮುಟ್ಟುವಂತಿಲ್ಲ, ಮುಟ್ಟಲೂಬಾರದು. ಕೈಗೆ ಮಣ್ಣು ಕೊಟ್ಟು ಕೂರಿಸುವ ಜಾಗವೊಂದು ಬೇರೆಯಾಗಿಯೇ ಬೇಕಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೇ ತರಗತಿಯ ಅವಧಿಯಲ್ಲಿ ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯುವ ಅವಕಾಶವನ್ನು ಹೇಳುತ್ತದೆ. ನೀತಿ ಕಾಗದದ ಮೇಲಿದೆ, ಕುಶಲಕರ್ಮಿಯೂ ಊರಿನಲ್ಲಿದ್ದಾನೆ. ಇಬ್ಬರನ್ನೂ ಮಕ್ಕಳೆದುರು ಒಟ್ಟಿಗೆ ತರುವ ಕೆಲಸವನ್ನು ಈ ಗ್ಯಾಲರಿ ಮಾಡುತ್ತಿದೆ.

ಕಾಫಿ ತೋಟದ ಹಳೆಯ ಗೋದಾಮೊಂದನ್ನು ಸರಿಪಡಿಸಿ ಮಾಡಿದ ಕಟ್ಟಡವದು. ಎತ್ತರದ ಸೂರು, ಹೆಂಚಿನ ನಡುವೆ ಕೂರಿಸಿದ ಗಾಜಿನಿಂದ ಇಳಿಯುವ ಬೆಳಕು, ಹಿಂದೆ ಕಾಫಿ ಒಣಗಿಸುತ್ತಿದ್ದ ಕಣದ ಮೇಲೆ ಈಗ ತಗಡಿನ ಮಾಡು ಹಾಕಿದ ಕಾರ್ಯಶಾಲೆ. ತಿರುವುಗಳ ದಾರಿಯಲ್ಲಿ ಬಂದ ಮಕ್ಕಳಲ್ಲಿ ಕೆಲವರಿಗೆ ವಾಂತಿಯಾಗಿತ್ತು. ಅದನ್ನು ಮೊದಲೇ ಊಹಿಸಿದ್ದವರಂತೆ ಅವರು ಬಂದ ಕೂಡಲೇ ಯಾವ ಭಾಷಣವನ್ನೂ ಮಾಡದೆ ಬೆಲ್ಲದ ಪಾನಕ ಕೊಟ್ಟು ಅರ್ಧ ಗಂಟೆ ಅಂಗಳದಲ್ಲಿ ಆಡಲು ಬಿಟ್ಟರು. ಶೌಚಾಲಯಗಳು ಸ್ವಚ್ಛವಾಗಿದ್ದವು, ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿದ್ದವು.

ನಂತರ ಮಕ್ಕಳನ್ನು ಹನ್ನೆರಡರಂತೆ ಮೂರು ಗುಂಪು ಮಾಡಿ ಒಳಗೆ ಕರೆದೊಯ್ದರು. ಗುಂಪು ಸಣ್ಣದಾಗಿದ್ದದ್ದು ಇಡೀ ದಿನವನ್ನು ಉಳಿಸಿತು ಎಂದರೆ ತಪ್ಪಾಗದು. ನಮ್ಮ ಗುಂಪಿನ ಮಾರ್ಗದರ್ಶಿ ತರುಣಿ ಮಕ್ಕಳನ್ನು ಐನ್‌ಮನೆಯೊಂದರ (ಕೊಡವ ಕುಟುಂಬದ ಮೂಲಮನೆ) ಕಪ್ಪುಬಿಳುಪು ಛಾಯಾಚಿತ್ರದ ಮುಂದೆ ನೆಲದ ಮೇಲೆ ಕೂರಿಸಿ, ಯಾರು ತೆಗೆದದ್ದು, ಎಂದು ತೆಗೆದದ್ದು ಎಂಬ ಯಾವ ವಿವರವನ್ನೂ ಹೇಳದೆ, "ಇಲ್ಲಿ ಏನು ನಡೆಯುತ್ತಿದೆ?" ಎಂದಷ್ಟೇ ಕೇಳಿದರು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ನಾನು ಬಾಯಿ ಹಾಕಲು ಹೊರಟಾಗ ಅವರು ಕೈಸನ್ನೆಯಿಂದ ತಡೆದರು. ಕೊನೆಗೆ ಒಬ್ಬ ಹುಡುಗಿ, "ಈ ಮನೆಯಲ್ಲಿ ಈಗ ಯಾರೂ ಇಲ್ಲ ಅಕ್ಕ" ಎಂದಳು. "ಏನನ್ನು ನೋಡಿ ಹಾಗೆ ಹೇಳುತ್ತೀಯಮ್ಮ?" ಎಂಬ ಪ್ರಶ್ನೆಗೆ ಅವಳು ಎದ್ದು ಹೋಗಿ ಚಿತ್ರದ ಕೆಳಮೂಲೆಯನ್ನು ತೋರಿಸಿ, ಕೈಯಾಲೆಗೆ, ಅಂದರೆ ಮುಂದಿನ ಜಗಲಿಗೆ, ಹತ್ತುವ ಮೆಟ್ಟಿಲಿನ ನಟ್ಟನಡುವೆಯೂ ಪಾಚಿ ಬೆಳೆದಿದೆ, ಓಡಾಟವಿದ್ದರೆ ಅಂಚಿನಲ್ಲಿ ಮಾತ್ರ ಇರುತ್ತಿತ್ತು ಎಂದು ವಿವರಿಸಿದಳು. ಅಲ್ಲಿಂದ ಮಾತು ನಿಲ್ಲಲೇ ಇಲ್ಲ. ಕಂಬದ ಕೆತ್ತನೆ, ತೂಗುದೀಪದ ಕೊಕ್ಕೆ ಖಾಲಿಯಿರುವುದು, ಹೆಂಚು ಒಡೆದ ಕಡೆ ಬೆಳಕು ಬಿದ್ದಿರುವುದು, ಹೀಗೆ ಒಂದೊಂದಾಗಿ ಮಕ್ಕಳೇ ಹೆಕ್ಕಿ ತೆಗೆದರು.

ಈ ಪ್ರಶ್ನೆಗಳ ಹಿಂದೆ ಒಂದು ಕ್ರಮವಿದೆ. ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಶಿಕ್ಷಣ ವಿಭಾಗದ ನಿರ್ದೇಶಕರಾಗಿದ್ದ ಫಿಲಿಪ್ ಯೆನವೈನ್ ಮತ್ತು ಮನಶ್ಶಾಸ್ತ್ರಜ್ಞೆ ಅಬಿಗೈಲ್ ಹೌಸೆನ್ ಸೇರಿ ರೂಪಿಸಿದ ವಿಧಾನವದು. ಏನು ನಡೆಯುತ್ತಿದೆ, ಏನನ್ನು ನೋಡಿ ಹಾಗೆ ಹೇಳುತ್ತೀರಿ, ಇನ್ನೇನು ಕಾಣುತ್ತದೆ ಎಂಬ ಮೂರೇ ಪ್ರಶ್ನೆಗಳ ಮೇಲೆ ಅದು ನಿಂತಿದೆ. ಎರಡನೆಯ ಪ್ರಶ್ನೆಯಲ್ಲೇ ಅದರ ಸತ್ವವಿರುವುದು, ಏಕೆಂದರೆ ಅದು ಮಗುವಿನ ಅಭಿಪ್ರಾಯವನ್ನು ಸರಿ ಅಥವಾ ತಪ್ಪು ಎನ್ನದೆ ಮತ್ತೆ ಚಿತ್ರದ ಕಡೆಗೇ ತಿರುಗಿಸುತ್ತದೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಎರವ ಭಾಷೆ ಆಡುವ ಮಕ್ಕಳು ಒಂದೇ ತರಗತಿಯಲ್ಲಿರುವ ನಮ್ಮಂಥ ಶಾಲೆಗಳಲ್ಲಿ ಪಠ್ಯದ ಉತ್ತರ ಗೊತ್ತಿಲ್ಲವೆಂದು ಹಿಂದೆ ಕೂರುವ ಮಕ್ಕಳು ಹಲವರು. ಅವರು ಅಂದು ಮುಂದೆ ಬಂದು ಕುಳಿತದ್ದನ್ನು ನಾನು ಕಣ್ಣಾರೆ ಕಂಡೆ.

ಹೀಗಿರುವಾಗ ಕೃತಿಗಳ ಪಕ್ಕದ ವಿವರಪಟ್ಟಿಗಳೆಲ್ಲ ಇಂಗ್ಲಿಷಿನಲ್ಲಿ ಮಾತ್ರ ಇರುವುದು, ಅದೂ ದೊಡ್ಡವರ ಕಣ್ಣಿನ ಎತ್ತರಕ್ಕೆ ಅಂಟಿಸಿರುವುದು ನನಗೆ ಬಹಳ ಬೇಸರ ತಂದಿತು. ಕನ್ನಡದಲ್ಲೊಂದು ಸಾಲು ಬರೆಸಲು ಹೆಚ್ಚಿನ ಖರ್ಚೇನೂ ಬೇಡ.

ಮಣ್ಣಿನ ಕೆಲಸಕ್ಕೆ ಅವರು ಆರಿಸಿಕೊಂಡ ವಸ್ತು ನಮ್ಮ ನೆಲದ್ದೇ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಅವುಗಳಲ್ಲಿ ಅಯ್ಯಪ್ಪನ ಬನಗಳಿಗೆ ಹರಕೆಯಾಗಿ ಮಣ್ಣಿನ ನಾಯಿಗಳನ್ನು ಒಪ್ಪಿಸುವ ಪದ್ಧತಿ ಹಿಂದಿನಿಂದ ಬಂದದ್ದು. ಗ್ಯಾಲರಿಯ ಒಂದು ಗೋಡೆಯಲ್ಲಿ ದೇವರಕಾಡಿನ ಛಾಯಾಚಿತ್ರಗಳೂ ಅದರ ಕೆಳಗಿನ ಕಟ್ಟೆಯ ಮೇಲೆ ಸಾಲಾಗಿ ಮಣ್ಣಿನ ನಾಯಿಗಳೂ ಇದ್ದವು. ಇವು ಕುಂಬಾರರಿಂದ ಪ್ರದರ್ಶನಕ್ಕೆಂದೇ ಮಾಡಿಸಿದವು, ಹರಕೆ ಒಪ್ಪಿಸಿದ್ದನ್ನು ಬನದಿಂದ ಯಾರೂ ತರುವಂತಿಲ್ಲ ಎಂದು ಮಾರ್ಗದರ್ಶಿ ಮೊದಲೇ ಸ್ಪಷ್ಟವಾಗಿ ಹೇಳಿದ್ದು ನನಗೆ ಮೆಚ್ಚುಗೆಯಾಯಿತು, ಮಕ್ಕಳ ಮನೆಗಳಲ್ಲಿ ಇದು ಇಂದಿಗೂ ಭಕ್ತಿಯ ವಿಷಯ. ಅನಂತರ ಆ ನಾಯಿಗಳಲ್ಲಿ ಕೆಲವನ್ನು ಮಕ್ಕಳ ಕೈಗೇ ಕೊಟ್ಟರು. ಹೊಟ್ಟೆ ಟೊಳ್ಳಾಗಿದೆ, ಕಾಲು ಗಿಡ್ಡ ಮತ್ತು ದಪ್ಪ, ಕಿವಿ ತಲೆಗೆ ಅಂಟಿಕೊಂಡಿದೆ ಎಂದು ಮಕ್ಕಳು ಗಮನಿಸಿದರು. ಏಕೆ ಹಾಗೆ ಎಂಬ ಪ್ರಶ್ನೆಯನ್ನು ಅವರಲ್ಲೇ ಬಿಟ್ಟು ಕಾರ್ಯಶಾಲೆಗೆ ಕರೆದೊಯ್ದರು.

ಅಲ್ಲಿ ಪಾಠ ಹೇಳಿದವರು ವಯಸ್ಸಾದ ಕುಂಬಾರರು. ಗದ್ದೆಯ ಜೇಡಿಮಣ್ಣನ್ನು ನೆನೆಸಿ, ಸೋಸಿ, ಹದ ಮಾಡಿ ಇಟ್ಟಿದ್ದರು. ಮೊದಲು ಪ್ರತಿ ಮಗುವಿಗೂ ಒಂದು ಮುಷ್ಟಿ ಮಣ್ಣನ್ನು ಕೊಟ್ಟು ಚೆನ್ನಾಗಿ ನಾದಿಸಿದರು. ನಡುವೆ ಒಂದನ್ನು ತಂತಿಯಿಂದ ಕತ್ತರಿಸಿ ಒಳಗಿನ ಗಾಳಿಗುಳ್ಳೆಗಳನ್ನು ತೋರಿಸಿದರು. ಹೊಟ್ಟೆಯ ಭಾಗವನ್ನು ಬಟ್ಟಲಿನಂತೆ ಟೊಳ್ಳು ಮಾಡಬೇಕು, ಗೋಡೆ ಬೆರಳಿನ ದಪ್ಪವನ್ನು ಮೀರಬಾರದು, ಏಕೆಂದರೆ ದಪ್ಪನೆಯ ಮಣ್ಣಿನ ಒಳಗೆ ತೇವ ಉಳಿದುಬಿಟ್ಟರೆ ಭಟ್ಟಿಯಲ್ಲಿ ಅದು ಆವಿಯಾಗಿ, ಹೊರಬರಲು ದಾರಿಯಿಲ್ಲದೆ ಗೊಂಬೆಯನ್ನೇ ಸಿಡಿಸುತ್ತದೆ ಎಂಬುದನ್ನು ಅವರು ಹೇಳಿದ ರೀತಿ ಯಾವ ವಿಜ್ಞಾನದ ಪಾಠಕ್ಕೂ ಕಡಿಮೆಯಿರಲಿಲ್ಲ. ಕಾಲು, ಬಾಲ, ಕಿವಿಗಳನ್ನು ಸುಮ್ಮನೆ ಒತ್ತಿ ಅಂಟಿಸಿದರೆ ಒಣಗುವಾಗ ಬಿಟ್ಟುಕೊಳ್ಳುತ್ತವೆ. ಎರಡೂ ಕಡೆ ಕಡ್ಡಿಯಿಂದ ಗೀರು ಹಾಕಿ, ಗಂಜಿಯಂಥ ತೆಳು ಮಣ್ಣನ್ನು ಬಳಿದು, ಆಮೇಲೆ ಕೂಡಿಸಬೇಕು. ಹರಕೆಯ ನಾಯಿಯ ಕಾಲು ಗಿಡ್ಡವಾಗಿರುವುದೇಕೆ ಎಂಬುದಕ್ಕೆ ಉತ್ತರ ಆಗ ಮಕ್ಕಳಿಗೆ ತಾವಾಗಿಯೇ ಸಿಕ್ಕಿತು, ಉದ್ದ ಕಾಲು ಮಾಡಿದವರ ನಾಯಿಗಳೆಲ್ಲ ಒಂದೊಂದಾಗಿ ಕುಸಿದು ಕುಳಿತಿದ್ದವು.

ತೋಟದ ಲೈನ್‌ಮನೆಯಿಂದ (ಕಾರ್ಮಿಕರ ಸಾಲುಮನೆ) ಬರುವ ನಮ್ಮ ಒಬ್ಬ ವಿದ್ಯಾರ್ಥಿ ಮೂರು ಕಾಲಿನ ನಾಯಿ ಮಾಡಲು ಕುಳಿತ. ಅವರ ಸಾಲಿನಲ್ಲಿರುವ ನಾಯಿಗೆ ಮೂರೇ ಕಾಲಂತೆ. ಬೇರೆ ಯಾರಾದರೂ ಆಗಿದ್ದರೆ ನಾಲ್ಕನೆಯ ಕಾಲನ್ನು ತಾವೇ ಅಂಟಿಸಿ ಮುಂದೆ ಹೋಗುತ್ತಿದ್ದರು. ಆ ಹಿರಿಯರು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, "ಸರಿ ಮಗ, ಮತ್ತೆ ಇದು ಬೀಳದ ಹಾಗೆ ನಿಲ್ಲುವುದು ಹೇಗೆ?" ಎಂದು ಕೇಳಿ ಎದ್ದುಹೋದರು. ಹುಡುಗ ಸ್ವಲ್ಪ ಹೊತ್ತು ನಾಯಿಯನ್ನು ಆಚೆ ಈಚೆ ವಾಲಿಸಿ ನೋಡಿ, ಮೇಲಕ್ಕೆ ಎತ್ತಿದ್ದ ಬಾಲವನ್ನು ಕಿತ್ತು, ಇನ್ನಷ್ಟು ಮಣ್ಣು ಸೇರಿಸಿ ದಪ್ಪ ಮಾಡಿ, ಹಿಂದಿನ ಖಾಲಿ ಬದಿಗೆ ನೆಲ ಮುಟ್ಟುವಂತೆ ಇಳಿಸಿ ಅಂಟಿಸಿದ. ನಾಯಿ ನಿಂತಿತು. ಕೊಟ್ಟ ಹಣ ಸಾರ್ಥಕವಾಯಿತೆಂದು ನನಗೆ ಅನ್ನಿಸಿದ್ದು ಆ ಹೊತ್ತಿನಲ್ಲಿ.

ಕೆಲಸ ಮುಗಿದ ಮೇಲೆ ಮೇಜುಗಳನ್ನು ಪೊರಕೆಯಿಂದ ಗುಡಿಸಲು ಬಿಡದೆ ಒದ್ದೆ ಬಟ್ಟೆಯಿಂದ ಒರೆಸಿಸಿದರು. ಒಣಮಣ್ಣಿನ ನವಿರಾದ ದೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಶಾಲೆಯಲ್ಲಿ ಮಣ್ಣಿನ ಕೆಲಸ ಮಾಡಿಸುವ ಶಿಕ್ಷಕರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಮಧ್ಯಾಹ್ನದ ಊಟಕ್ಕೆ ಅನ್ನ, ಸಾರು, ಪಲ್ಯ, ಮಜ್ಜಿಗೆ. ಮಕ್ಕಳು ಮತ್ತೆ ಮತ್ತೆ ಹಾಕಿಸಿಕೊಂಡರು.

ಊಟದ ನಂತರದ ಕಾಫಿ ಬಣ್ಣದ ಚಿತ್ರಕಲೆಯ ಬಗ್ಗೆ ಇಷ್ಟೇ ಸಂತೋಷದಿಂದ ಬರೆಯಲಾರೆ. ಯೋಚನೆ ಒಳ್ಳೆಯದೇ. ಗಟ್ಟಿ ಡಿಕಾಕ್ಷನ್ನಿಗೆ ಬೇರೆ ಬೇರೆ ಪ್ರಮಾಣದಲ್ಲಿ ನೀರು ಬೆರೆಸಿದರೆ ಒಂದೇ ಬಣ್ಣದಲ್ಲಿ ಕಡುಗಂದಿನಿಂದ ಮಸುಕು ಹಳದಿಯವರೆಗೆ ಎಷ್ಟೋ ಛಾಯೆಗಳು ಸಿಗುತ್ತವೆ, ಒಣಗಿದ ಪದರದ ಮೇಲೆ ಮತ್ತೊಂದು ಪದರ ಹಾಕಿದಷ್ಟೂ ಬಣ್ಣ ಗಾಢವಾಗುತ್ತದೆ. ಬೆಳಕು ನೆರಳನ್ನು ಕಲಿಸಲು ಇದಕ್ಕಿಂತ ಅಗ್ಗದ, ನಮ್ಮದೇ ಆದ ಸಾಮಗ್ರಿ ಇನ್ನೊಂದಿಲ್ಲ. ಆದರೆ ಮಕ್ಕಳಿಗೆ ಕೊಟ್ಟದ್ದು ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯ ಚೇಲೆ ತೊಟ್ಟ ಗಂಡು, ಕೊಡವ ಸೀರೆಯುಟ್ಟ ಹೆಣ್ಣು ನಿಂತಿರುವ ಒಂದೇ ರೇಖಾಚಿತ್ರದ ಮುದ್ರಿತ ಹಾಳೆ. ಪ್ರವಾಸಿಗರಿಗೆ ಮಾರುವ ಟೀ ಶರ್ಟಿನ ಮೇಲೆ ಕಾಣುವ ಚಿತ್ರವದು. ಮಕ್ಕಳು ಗೆರೆಯೊಳಗೆ ಬಣ್ಣ ತುಂಬಿದರು, ಅಷ್ಟೂ ಹಾಳೆಗಳು ಒಂದೇ ಬಗೆಯಾಗಿ ಮುಗಿದವು, ಹೆಸರು ಬರೆಯದಿದ್ದರೆ ಯಾರದ್ದು ಯಾವುದೆಂದು ತಿಳಿಯುವಂತಿರಲಿಲ್ಲ. ಬೆಳಿಗ್ಗೆ ಪಾಚಿಯನ್ನೂ ಒಡೆದ ಹೆಂಚನ್ನೂ ಕಂಡ ಮಕ್ಕಳು ಅವರು. ಖಾಲಿ ಹಾಳೆ ಕೊಟ್ಟು ಅದೇ ಐನ್‌ಮನೆಯ ಚಿತ್ರದ ಮುಂದೆ ಮತ್ತೊಮ್ಮೆ ಕೂರಿಸಿದ್ದರೆ, ಹೆಂಚಿನ ಬಿರುಕಿನಿಂದ ಇಳಿದ ಆ ಬೆಳಕನ್ನು ಬಿಡಿಸಲು ಕಾಫಿಯ ಛಾಯೆಗಳೇ ಸಾಕಾಗುತ್ತಿದ್ದವು. ಇದನ್ನು ಅವರಿಗೆ ಹೇಳಿದಾಗ, ಹಾಳೆ ಖಾಲಿ ಇದ್ದರೆ ಹಲವು ಮಕ್ಕಳು ಏನೂ ಮಾಡದೆ ಕೂರುತ್ತಾರೆ, ಶಾಲೆಯವರೂ ಪೂರ್ತಿಯಾದ ಚಿತ್ರವನ್ನೇ ಕೇಳುತ್ತಾರೆ ಎಂದರು. ಎರಡನೆಯ ಮಾತಿನಲ್ಲಿ ಸತ್ಯವಿದೆ. ಆ ತಪ್ಪಿನಲ್ಲಿ ನಮ್ಮ ಶಾಲೆಗಳ ಪಾಲೂ ಇದೆ.

ಇನ್ನೊಂದು ದೂರು ಮಣ್ಣಿನ ಗೊಂಬೆಗಳನ್ನು ತಲುಪಿಸಿದ ಬಗೆಗೆ. ಗೊಂಬೆಗಳು ನಿಧಾನವಾಗಿ ನೆರಳಿನಲ್ಲಿ ಒಣಗಿ ಆಮೇಲೆ ಭಟ್ಟಿಗೆ ಹೋಗಬೇಕಾದ್ದರಿಂದ ಅಂದೇ ಕೊಡಲಾಗುವುದಿಲ್ಲ, ಕೊಡಗಿನ ಹವೆಯಲ್ಲಿ ಒಣಗಲು ಕಾಲ ಹಿಡಿಯುತ್ತದೆ, ಅದು ನಮಗೂ ಗೊತ್ತು. ಆದರೆ ಮಾತು ಕೊಟ್ಟದ್ದಕ್ಕಿಂತ ಬಹಳ ತಡವಾಗಿ ಪೆಟ್ಟಿಗೆ ಬಂದಾಗ, ಹೆಸರು ಬರೆದು ದಾರದಲ್ಲಿ ಕಟ್ಟಿದ್ದ ಕಾಗದದ ಚೀಟಿಗಳನ್ನು ಭಟ್ಟಿಗೆ ಇಡುವಾಗ ಬಿಚ್ಚಿದವರು ಮತ್ತೆ ಕಟ್ಟಿರಲಿಲ್ಲ. ಮೂರು ಕಾಲಿನದನ್ನು ಗುರುತಿಸುವುದು ಸುಲಭವಾಯಿತು, ಉಳಿದವುಗಳಿಗಾಗಿ ತರಗತಿಯಲ್ಲಿ ಜಗಳವೇ ಆಯಿತು. ಮಣ್ಣು ಹಸಿಯಿರುವಾಗಲೇ ಹೊಟ್ಟೆಯ ಕೆಳಗೆ ಕಡ್ಡಿಯಿಂದ ಹಾಜರಿ ಸಂಖ್ಯೆಯನ್ನು ಗೀರಿಸಿಬಿಟ್ಟರೆ ಈ ತೊಂದರೆ ಇರುವುದಿಲ್ಲ. ನೀವು ಹೋದರೆ ಅವರು ಹೇಳಲಿ ಬಿಡಲಿ, ಮಕ್ಕಳಿಂದ ಇದನ್ನು ಮಾಡಿಸಿ.

ಶುಲ್ಕ ಮಗುವೊಂದಕ್ಕೆ ಊಟ, ಮಣ್ಣು, ಸುಡುವ ಖರ್ಚು ಸೇರಿ 350 ರೂಪಾಯಿ, ಜೊತೆಗೆ ಹೋಗುವ ಶಿಕ್ಷಕರಿಗೆ ಇಲ್ಲ. ಕೊಟ್ಟ ಕೆಲಸಕ್ಕೆ ಇದು ಹೆಚ್ಚಲ್ಲ, ಆದರೆ ಬಸ್ಸಿನ ಬಾಡಿಗೆಯೂ ಸೇರಿದಾಗ ಕೂಲಿ ಕುಟುಂಬಗಳಿಗೆ ಭಾರ. ನಮ್ಮಲ್ಲಿ ಹಳೆಯ ವಿದ್ಯಾರ್ಥಿಗಳು ಕೈಜೋಡಿಸಿದ್ದರಿಂದ ಯಾವ ಮಗುವೂ ಹಿಂದುಳಿಯಲಿಲ್ಲ. ಸರ್ಕಾರಿ ಶಾಲೆಗಳು ಪತ್ರ ಬರೆದು ಕೇಳಿದರೆ ರಿಯಾಯಿತಿ ಕೊಡುತ್ತಾರೆ ಎಂಬುದು ಮಾತಿನ ನಡುವೆ ತಿಳಿಯಿತು, ಅವರ ಕರಪತ್ರದಲ್ಲಿ ಅದರ ಸುಳಿವೇ ಇಲ್ಲ. ಅದನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಬೇಕು, ಕೇಳಲು ಸಂಕೋಚಪಡುವ ಶಾಲೆಗಳೇ ನಮ್ಮಲ್ಲಿ ಹೆಚ್ಚು.

ಹೋಗುವುದಾದರೆ ನವೆಂಬರಿನಿಂದ ಫೆಬ್ರುವರಿಯ ನಡುವೆ ಹೋಗಿ. ಮುಂಗಾರಿನಲ್ಲಿ ರಸ್ತೆಯ ಅಪಾಯ ಒಂದು ಕಡೆಯಾದರೆ ಮಣ್ಣು ಒಣಗುವುದೇ ಇಲ್ಲ. ಒಂದು ಬಾರಿಗೆ ನಲವತ್ತಕ್ಕಿಂತ ಹೆಚ್ಚು ಮಕ್ಕಳನ್ನು ಕರೆದೊಯ್ಯಬೇಡಿ, ಗ್ಯಾಲರಿಯವರು ಒಪ್ಪಿದರೂ ಬೇಡ. ದಿನ ಗೊತ್ತುಪಡಿಸುವಾಗಲೇ ಮಧ್ಯಾಹ್ನಕ್ಕೆ ಖಾಲಿ ಹಾಳೆ ಬೇಕೆಂದು ಬರೆದು ಕೇಳಿ. ಮುಂದಿನ ವರ್ಷಕ್ಕೆ ನಾವು ಹಾಗೆಯೇ ಕೇಳಿದ್ದೇವೆ, ಅವರು ಒಪ್ಪಿದ್ದಾರೆ.